ದೂರು ಕೊಟ್ಟವರಿಗೆ ಮರಳಿ ಹೇಳಿ

ನಾನು ನೋಡಿದ್ದೆ. ಆದರೆ ಹೇಳಲಿಲ್ಲ. ಇದನ್ನು ಬರೆಯೋಕೆ ನನಗೆ ತುಂಬಾ ದಿನ ಬೇಕಾಯಿತು.

ಒಂದು ಮಧ್ಯಾಹ್ನ ಎದುರು ಮನೆಯ ಗೇಟಿನ ಮುಂದೆ ಇಬ್ಬರು ಹುಡುಗರು ಬೈಕ್ ನಿಲ್ಲಿಸಿದ್ದರು. ಒಬ್ಬ ಬೈಕಿನ ಮೇಲೇ ಕೂತಿದ್ದ, ಇನ್ನೊಬ್ಬ ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಹೊರಗೆ ಬಂದ. ಆ ಮನೆಯಲ್ಲಿ ವಯಸ್ಸಾದ ಅಜ್ಜಿ ಒಬ್ಬರೇ ಇರೋದು. ಅವತ್ತು ಅವರು ಆಸ್ಪತ್ರೆಗೆ ಹೋಗಿದ್ದಾರೆ ಅಂತ ನನಗೆ ಗೊತ್ತಿತ್ತು. ಯಾರೋ ಸಂಬಂಧಿಕರಿರಬೇಕು ಅಂದುಕೊಂಡು ಕಿಟಕಿಯಿಂದ ಈಚೆ ಬಂದೆ. ಸಂಜೆ ಅಜ್ಜಿ ಬಂದು ನೋಡಿದರೆ ಬೀರು ಬಾಗಿಲು ತೆರೆದಿತ್ತು. ಪೊಲೀಸರು ಬಂದರು, ಅಕ್ಕಪಕ್ಕದ ಮನೆಗಳಲ್ಲೆಲ್ಲ ವಿಚಾರಿಸಿದರು. ನಮ್ಮ ಮನೆಗೂ ಬಂದರು. "ಏನೂ ನೋಡಿಲ್ಲ ಸರ್" ಅಂದುಬಿಟ್ಟೆ.

ಯಾಕೆ ಹಾಗಂದೆ ಅನ್ನೋದಕ್ಕೆ ನಾಲ್ಕು ವರ್ಷ ಹಿಂದಿನ ಇನ್ನೊಂದು ದಿನದ ಕಥೆ ಹೇಳಬೇಕು. ಆಗ ರಸ್ತೆಯಲ್ಲಿ ನನ್ನ ಕೈಯಿಂದ ಯಾರೋ ಮೊಬೈಲ್ ಕಿತ್ತುಕೊಂಡು ಓಡಿದ್ದರು. ದೂರು ಕೊಡೋಕೆ ಒಂದು ಠಾಣೆಗೆ ಹೋದೆ. ಬೆಂಚಿನ ಮೇಲೆ ಮೂರು ಗಂಟೆ ಕೂತೆ. ಆಮೇಲೆ ಒಬ್ಬರು ಕರೆದು, ಅಷ್ಟು ಹೊತ್ತಲ್ಲಿ ಅಲ್ಲಿಗೆ ಯಾಕೆ ಹೋಗಿದ್ದೆ, ಫೋನ್ ಕೈಯಲ್ಲಿ ಯಾಕೆ ಹಿಡಿದುಕೊಂಡಿದ್ದೆ ಅಂತ ನನ್ನನ್ನೇ ಕೇಳಿದರು. ನಾನು ಬರೆದುಕೊಟ್ಟ ದೂರನ್ನು ವಾಪಸ್ ಕೊಟ್ಟು, "ಕಿತ್ತುಕೊಂಡು ಹೋದರು ಅಂತ ಬರೀಬೇಡಿ, ಎಲ್ಲೋ ಕಳೆದುಹೋಗಿದೆ ಅಂತ ಬರೀರಿ" ಅಂದರು. ಬರೆದೆ. ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು. ಆಮೇಲೆ ಅಲ್ಲಿಂದ ಒಂದು ಫೋನ್ ಇಲ್ಲ, ಒಂದು ಮೆಸೇಜ್ ಇಲ್ಲ. ಮೊಬೈಲ್ ಹೋಗಿದ್ದಕ್ಕೆ ಒಂದು ವಾರ ಬೇಜಾರಾಗಿತ್ತು, ಅಷ್ಟೇ. ಆದರೆ ನನ್ನ ಕೈಯಲ್ಲೇ ಸುಳ್ಳು ಬರೆಸಿದ್ದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ.

ಆ ಒಂದು ಪದ ಬದಲಾಗಿದ್ದರಿಂದ ಏನಾಯಿತು ಅಂತ ಯೋಚನೆ ಮಾಡಿ. ಲೆಕ್ಕದಲ್ಲಿ ಒಂದು ಅಪರಾಧ ಕಡಿಮೆಯಾಯಿತು. ಅದೇ ರಸ್ತೆಯಲ್ಲಿ ಅದೇ ರೀತಿ ಇನ್ನೂ ಹತ್ತು ಜನರ ಮೊಬೈಲ್ ಹೋಗಿದ್ದರೂ ಕಾಗದದ ಮೇಲೆ ಆ ರಸ್ತೆ ಶಾಂತವಾಗಿಯೇ ಇರುತ್ತದೆ. ಹಾಗಾಗಿ ಅಲ್ಲಿಗೆ ಗಸ್ತು ಹಾಕಬೇಕು ಅಂತ ಯಾರಿಗೂ ಅನ್ನಿಸೋದಿಲ್ಲ. ಇನ್ನೊಂದು ಕಡೆ, ಪೊಲೀಸರ ಹತ್ತಿರ ಹೋಗೋದು ಸುಮ್ನೆ ತಲೆನೋವು ಅಂತ ತೀರ್ಮಾನ ಮಾಡಿಕೊಂಡವರ ಸಂಖ್ಯೆ ಒಂದು ಜಾಸ್ತಿಯಾಯಿತು. ಆ ಒಬ್ಬರು ನಾನು. ನಾಲ್ಕು ವರ್ಷ ಆದಮೇಲೆ ಅದರ ನಷ್ಟ ಅಜ್ಜಿಗೆ ತಟ್ಟಿತು.

ಇದು ನನ್ನೊಬ್ಬರ ಸಂಕಟ ಅಂದುಕೊಂಡಿದ್ದೆ. ಆಮೇಲೆ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದೋಕೆ ಶುರು ಮಾಡಿದೆ. ಅಮೆರಿಕದ ರ್‍ಯಾಂಡ್ ಸಂಶೋಧನಾ ಸಂಸ್ಥೆ 1975ರಲ್ಲಿ ಪತ್ತೇದಾರಿ ಪೊಲೀಸರ ಕೆಲಸವನ್ನು ಅಧ್ಯಯನ ಮಾಡಿತ್ತು. ಒಂದು ಕೇಸು ಬಗೆಹರಿಯುತ್ತದೋ ಇಲ್ಲವೋ ಅನ್ನೋದಕ್ಕೆ ಎಲ್ಲಕ್ಕಿಂತ ಮುಖ್ಯ ಕಾರಣ ಏನು ಅಂತ ನೋಡಿದರೆ, ಮೊದಲು ಸ್ಥಳಕ್ಕೆ ಬಂದ ಪೊಲೀಸರಿಗೆ ಅಲ್ಲಿದ್ದ ಜನ ಕೊಟ್ಟ ಮಾಹಿತಿ. ಕಳ್ಳತನ ಆದವರು, ಪಕ್ಕದಲ್ಲಿದ್ದವರು, ಕಿಟಕಿಯಿಂದ ನೋಡಿದವರು ಬಾಯಿ ಬಿಡದಿದ್ದರೆ ಆಮೇಲೆ ಎಷ್ಟು ಜಾಣ ತನಿಖಾಧಿಕಾರಿ ಬಂದರೂ ಬಹಳಷ್ಟು ಕೇಸುಗಳಲ್ಲಿ ಮಾಡೋಕೆ ಜಾಸ್ತಿ ಏನೂ ಉಳಿದಿರೋದಿಲ್ಲ. ಅದನ್ನು ಓದಿದಾಗ ಹೊಟ್ಟೆಯಲ್ಲಿ ಹಿಂಡಿದ ಹಾಗಾಯಿತು.

ಹಾಗಾದರೆ ಜನ ಬಾಯಿ ಬಿಡೋ ಹಾಗೆ ಮಾಡೋದು ಹೇಗೆ? ನಮ್ಮಲ್ಲಿ ತುಂಬಾ ಜನ ಕೊಡುವ ಉತ್ತರ, ಇನ್ನೂ ಜಾಸ್ತಿ ಪೊಲೀಸ್ ಜೀಪು ಓಡಾಡಲಿ ಅಂತ. ಇದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. 1972–73ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 15 ಬೀಟುಗಳನ್ನು, ಅಂದರೆ ಗಸ್ತಿನ ಪ್ರದೇಶಗಳನ್ನು, ಮೂರು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಮಾಮೂಲಿ ಗಸ್ತು ನಿಲ್ಲಿಸಿ, ಕರೆ ಬಂದಾಗ ಮಾತ್ರ ಹೋದರು. ಇನ್ನೊಂದರಲ್ಲಿ ಗಸ್ತಿನ ಕಾರುಗಳನ್ನು ಎರಡು ಮೂರು ಪಟ್ಟು ಹೆಚ್ಚಿಸಿದರು. ಮೂರನೆಯದನ್ನು ಇದ್ದ ಹಾಗೇ ಬಿಟ್ಟರು. ವರ್ಷ ಕಳೆದ ಮೇಲೆ ನೋಡಿದರೆ ಅಪರಾಧದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ, ಜನರ ಭಯದಲ್ಲೂ ಇಲ್ಲ. ಗಾಜು ಏರಿಸಿಕೊಂಡು ಹೋಗುವ ಕಾರಿನೊಳಗೆ ಯಾರಿದ್ದಾರೆ ಅಂತ ಯಾರಿಗೆ ಗೊತ್ತಾಗುತ್ತದೆ, ಅಲ್ವಾ?

ನಡೆದುಕೊಂಡು ಬರುವ ಪೊಲೀಸರ ಕಥೆ ಬೇರೆ. 1978ರ ಸುಮಾರಿಗೆ ನ್ಯೂ ಜೆರ್ಸಿಯ ನ್ಯೂವಾರ್ಕ್‌ನಲ್ಲಿ ಕಾಲ್ನಡಿಗೆ ಗಸ್ತು ಹಾಕಿ ನೋಡಿದಾಗ ಅಪರಾಧವೇನೂ ಕಡಿಮೆ ಆಗಲಿಲ್ಲ, ಆದರೆ ಜನರ ಭಯ ಕಡಿಮೆಯಾಯಿತು, ಪೊಲೀಸರ ಮೇಲಿನ ಅಭಿಪ್ರಾಯವೂ ಸುಧಾರಿಸಿತು. 2009ರಲ್ಲಿ ಫಿಲಡೆಲ್ಫಿಯಾದಲ್ಲಿ ಇನ್ನೂ ಚೆನ್ನಾಗಿ ಯೋಜನೆ ಮಾಡಿ, ಹಿಂಸೆ ಜಾಸ್ತಿ ಇದ್ದ 60 ಚಿಕ್ಕ ಚಿಕ್ಕ ಪ್ರದೇಶಗಳಲ್ಲಿ ಪೊಲೀಸರನ್ನು ನಡೆಸಿದರು. ಅಂಥವೇ ಇನ್ನೂ 60 ಕಡೆ ನಡೆಸಲಿಲ್ಲ. ಎರಡನ್ನೂ ಹೋಲಿಸಿದರೆ, ನಡೆದ ಕಡೆ ಹಿಂಸಾತ್ಮಕ ಅಪರಾಧ 23 ಶೇಕಡಾ ಕಡಿಮೆ ಇತ್ತು. ಆದರೆ ಆ ಪೊಲೀಸರನ್ನು ವಾಪಸ್ ಕರೆಸಿದ ಮೇಲೆ ಆ ಲಾಭವೂ ಕರಗಿ ಹೋಯಿತು. ನನಗೆ ಮುಖ್ಯ ಅನ್ನಿಸಿದ್ದು ಈ ಕೊನೆಯ ಮಾತು. ನಡೆಯುವವರು ನಿಂತರೆ ಎಲ್ಲ ನಿಲ್ಲುತ್ತದೆ.

ಸಭೆ ಮಾಡೋಣ, ವಾಟ್ಸ್ಆ್ಯಪ್ ಗ್ರೂಪ್ ಮಾಡೋಣ, ಪೊಲೀಸರೂ ಜನರೂ ಸೇರಿ ಕ್ರಿಕೆಟ್ ಆಡೋಣ ಅನ್ನುವವರೂ ಇದ್ದಾರೆ. ತಪ್ಪೇನಿಲ್ಲ, ಮಾಡಲಿ. ಆದರೆ 2021ರಲ್ಲಿ ಸೈನ್ಸ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನವನ್ನು ಈ ವಿಷಯದಲ್ಲಿ ಆಸಕ್ತಿ ಇರುವ ಎಲ್ಲರೂ ನೋಡಬೇಕು. ಬ್ರೆಜಿಲ್, ಕೊಲಂಬಿಯಾ, ಲೈಬೀರಿಯಾ, ಪಾಕಿಸ್ತಾನ, ಫಿಲಿಪೀನ್ಸ್, ಉಗಾಂಡಾ, ಈ ಆರು ದೇಶಗಳಲ್ಲಿ ಒಟ್ಟಿಗೆ ಸಮುದಾಯ ಪೊಲೀಸ್ ವ್ಯವಸ್ಥೆಯನ್ನು ಪ್ರಯೋಗ ಮಾಡಿದರು. ಸಭೆ ನಡೆಸಿದರು, ಬೀಟ್ ಹಾಕಿದರು, ಜನರ ಸಮಸ್ಯೆ ಕೇಳಿದರು. ಕೊನೆಗೆ ಜನರ ನಂಬಿಕೆಯೂ ಏರಲಿಲ್ಲ, ಅಪರಾಧವೂ ಇಳಿಯಲಿಲ್ಲ. ಕಾರಣಗಳನ್ನು ಓದುವಾಗ ನಮ್ಮ ಬೀದಿಯದ್ದೇ ಕಥೆ ಅನ್ನಿಸಿತು. ಮೇಲಧಿಕಾರಿಗಳ ಬೆಂಬಲ ಗಟ್ಟಿಯಾಗಿರಲಿಲ್ಲ. ಜನರಿಗೆ ಪರಿಚಯ ಆದ ಪೊಲೀಸರಿಗೇ ವರ್ಗಾವಣೆ ಆಗುತ್ತಿತ್ತು. ಮತ್ತೆ, ಜನ ಹೇಳಿದ ಸಮಸ್ಯೆಗಳ ಹಿಂದೆ ಬಿದ್ದು ಏನಾದರೂ ಮಾಡೋಕೆ ಪೊಲೀಸರಿಗೆ ಸಾಕಷ್ಟು ಜನವೂ ಇರಲಿಲ್ಲ, ಸೌಕರ್ಯವೂ ಇರಲಿಲ್ಲ.

ಅಂದರೆ ಕೇಳಿಸಿಕೊಂಡರು, ಆದರೆ ಮರಳಿ ಬರಲಿಲ್ಲ. ಕೇಳಿಸಿಕೊಂಡು ಮರಳಿ ಬರದೇ ಇರೋದು, ಕೇಳದೇ ಇರೋದಕ್ಕಿಂತ ಕೆಟ್ಟದ್ದು ಅಂತ ನನ್ನ ಅನಿಸಿಕೆ. ಕೇಳಿದಾಗ ಒಂದು ಆಸೆ ಹುಟ್ಟಿರುತ್ತದೆ.

ನಂಬಿಕೆ ಅಂದರೆ ಪೊಲೀಸರು ಎಲ್ಲ ಕಳ್ಳರನ್ನೂ ಹಿಡಿಯಬೇಕು ಅಂತಲ್ಲ. ಮನಃಶಾಸ್ತ್ರದ ಪ್ರೊಫೆಸರ್ ಟಾಮ್ ಟೈಲರ್ ಷಿಕಾಗೋದ ಜನರನ್ನು ಮಾತಾಡಿಸಿ 1990ರಲ್ಲಿ ಪ್ರಕಟಿಸಿದ ಕೆಲಸದ ಸಾರವೇ ಇದು. ತಮ್ಮ ಕೇಸು ಗೆದ್ದಿತೋ ಸೋತಿತೋ ಅನ್ನೋದಕ್ಕಿಂತ, ತಮ್ಮ ಮಾತನ್ನು ಪೂರ್ತಿ ಕೇಳಿದರಾ, ಮರ್ಯಾದೆ ಕೊಟ್ಟರಾ, ಎಲ್ಲರನ್ನೂ ಒಂದೇ ರೀತಿ ನೋಡಿದರಾ ಅನ್ನೋದು ಜನರ ಮನಸ್ಸಿನಲ್ಲಿ ಉಳಿಯುತ್ತದೆ. ನ್ಯಾಯವಾಗಿ ನಡೆಸಿಕೊಂಡರೆ ತಮಗೆ ಇಷ್ಟವಿಲ್ಲದ ತೀರ್ಮಾನವನ್ನೂ ಜನ ಒಪ್ಪುತ್ತಾರೆ. ನನ್ನ ಮೊಬೈಲ್ ಸಿಗದಿದ್ದರೂ ಪರವಾಗಿರಲಿಲ್ಲ, ನಿಜ ಬರೆಯೋಕೆ ಬಿಟ್ಟಿದ್ದರೆ ಸಾಕಿತ್ತು.

ಜಪಾನಿನ ಕೋಬಾನ್ ಬಗ್ಗೆ ತುಂಬಾ ಜನ ಕೇಳಿರಬಹುದು. ಬೀದಿ ಮೂಲೆಯಲ್ಲಿ ಒಂದು ಚಿಕ್ಕ ಪೊಲೀಸ್ ಚೌಕಿ. ದಾರಿ ಕೇಳೋಕೆ ಹೋಗುತ್ತಾರೆ, ಬಿದ್ದು ಸಿಕ್ಕಿದ ಪರ್ಸ್ ಕೊಡೋಕೆ ಹೋಗುತ್ತಾರೆ. ಅಲ್ಲಿನ ಪೊಲೀಸರೂ ಆಗಾಗ ಮನೆ ಮನೆಗೆ ಹೋಗಿ ಮಾತಾಡಿಸಿ ಬರುತ್ತಾರೆ. ಹಳ್ಳಿ ಕಡೆ ಚೂಜೈಶೋ ಅಂತ ಇದೆ, ಅಲ್ಲಿ ಪೊಲೀಸರು ಸಾಮಾನ್ಯವಾಗಿ ಮನೆಯವರ ಜೊತೆ ಅದೇ ಕಟ್ಟಡದಲ್ಲೇ ಇರುತ್ತಾರೆ. ಇದನ್ನು ಎಲ್ಲ ಕಡೆ ಹಾಗೆಯೇ ತಂದು ಕೂರಿಸೋಕೆ ಆಗಲ್ಲ. ಆದರೆ ಒಂದು ಮಾತು ಕಲಿಯಬಹುದು. ಏನೂ ತೊಂದರೆ ಇಲ್ಲದ ದಿನ ಪೊಲೀಸರ ಜೊತೆ ನಾಲ್ಕು ಮಾತಾಡಿದ್ದರೆ, ತೊಂದರೆಯ ದಿನ ಮೊದಲ ಮಾತು ಆಡೋದು ಅಷ್ಟು ಕಷ್ಟ ಆಗೋದಿಲ್ಲ.

ಈಗ ನಮ್ಮ ಕಡೆಯ ಮಾತು. ಎಲ್ಲವನ್ನೂ ಪೊಲೀಸರ ತಲೆಗೆ ಕಟ್ಟೋದು ಸರಿಯಲ್ಲ. ಒಬ್ಬ ಪೇದೆ ಎಷ್ಟು ಗಂಟೆ ನಿಂತಿರುತ್ತಾರೆ, ಬಂದೋಬಸ್ತ್ ಅಂತ ಎಲ್ಲಿಗೆಲ್ಲ ಓಡಬೇಕು ಅಂತ ನಾವು ಕೇಳೋದೇ ಇಲ್ಲ. ಬೀಟ್ ಪೊಲೀಸರ ಹೆಸರು ಗೊತ್ತಾ ಅಂತ ನಮ್ಮ ಬೀದಿಯಲ್ಲಿ ಕೇಳಿದೆ. ಇಬ್ಬರಿಗೆ ಗೊತ್ತಿತ್ತು. ಅಷ್ಟೇ ಅಲ್ಲ, ನಮಗೆ ಒಬ್ಬರಿಗೊಬ್ಬರ ಹೆಸರೂ ಗೊತ್ತಿರಲಿಲ್ಲ! 1997ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಯಾಂಪ್ಸನ್ ಮತ್ತು ಜೊತೆಗಾರರು ಷಿಕಾಗೋದ 343 ನೆರೆಹೊರೆಗಳಲ್ಲಿ 8,782 ಜನರನ್ನು ಮಾತಾಡಿಸಿ ಬರೆದಿದ್ದು ಇದನ್ನೇ. ಅಕ್ಕಪಕ್ಕದವರ ಮೇಲೆ ನಂಬಿಕೆ ಇದ್ದು, ಏನಾದರೂ ಆದರೆ ಮಧ್ಯೆ ಬಂದು ಕೇಳುತ್ತಾರೆ ಅನ್ನುವ ಭರವಸೆ ಇದ್ದ ಕಡೆ ಹಿಂಸೆ ಕಡಿಮೆ. ಬಡತನದಂಥ ಬೇರೆ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಹಾಗೆಯೇ ಇತ್ತು.

ಇಲ್ಲಿ ಒಂದು ಭಯ ನನಗಿದೆ, ಅದನ್ನು ಹೇಳಲೇಬೇಕು. ಬೀದಿಯವರು ಒಗ್ಗಟ್ಟಾದ ತಕ್ಷಣ ಮಾಡುವ ಮೊದಲ ಕೆಲಸ ಏನು ಗೊತ್ತಾ? ಗುರುತಿಲ್ಲದವರ ಫೋಟೋ ತೆಗೆದು ಗ್ರೂಪಿಗೆ ಹಾಕೋದು. ಕೆಲಸ ಹುಡುಕಿಕೊಂಡು ಬಂದ ಹುಡುಗ, ಸಾಮಾನು ತಂದುಕೊಡುವವರು, ಹೊಸದಾಗಿ ಬಾಡಿಗೆಗೆ ಬಂದವರು, ಎಲ್ಲರೂ ಅನುಮಾನಕ್ಕೆ ಸಿಗುತ್ತಾರೆ. ಮನೆಯಿರುವವರ ನಂಬಿಕೆ ಗಳಿಸೋಕೆ ಹೋಗಿ ಬಾಡಿಗೆಯವರ, ಕೂಲಿಯವರ ನಂಬಿಕೆ ಕಳೆದುಕೊಂಡರೆ ಪೊಲೀಸರಿಗೆ ನಷ್ಟವೇ. ರಾತ್ರಿ ಎರಡು ಗಂಟೆಗೆ ಎಚ್ಚರ ಇದ್ದು ಬೀದಿ ನೋಡುವವರು ಅವರೇ. ನಮ್ಮ ಗ್ರೂಪಿನಲ್ಲಿ ಈಗ ಒಂದು ಮಾತು ಮಾಡಿಕೊಂಡಿದ್ದೇವೆ, ಯಾರ ಮುಖದ ಫೋಟೋನೂ ಹಾಕೋ ಹಾಗಿಲ್ಲ, ಏನು ನಡೆಯಿತು ಅಂತ ಮಾತ್ರ ಬರೀಬೇಕು, ಅದನ್ನೂ ಮೊದಲು ಬೀಟ್ ಪೊಲೀಸರಿಗೆ ಹೇಳಬೇಕು. ಈ ಮಾತಿಗೆ ಒಪ್ಪಿಸೋಕೆ ಎರಡು ವಾರ ಜಗಳ ಆಡಬೇಕಾಯಿತು.

ಹೇಳಿದವರ ಹೆಸರು ಹೊರಗೆ ಬಾರದ ಹಾಗೆ ನೋಡಿಕೊಳ್ಳೋದೂ ಅಷ್ಟೇ ಮುಖ್ಯ. ಒಂದು ಸಲ ಹೆಸರು ಹೊರಗೆ ಬಂತು ಅಂದರೆ ಇಡೀ ಬೀದಿ ಬಾಯಿ ಮುಚ್ಚುತ್ತದೆ.

ಅಜ್ಜಿಯ ಕೇಸಿಗೆ ಬರುತ್ತೇನೆ. ಕಳ್ಳತನ ಆಗಿ ಒಂದೂವರೆ ತಿಂಗಳ ಮೇಲೆ ಒಂದು ಸಂಜೆ ನಾನು ಅಜ್ಜಿಯ ಜಗಲಿಯಲ್ಲಿ ಕೂತಿದ್ದೆ. ಅವತ್ತು ವಿಚಾರಣೆಗೆ ಬಂದಿದ್ದ ಪೇದೆ ಒಬ್ಬರೇ ನಡೆದುಕೊಂಡು ಬಂದರು. "ಅಜ್ಜಿ, ಇನ್ನೂ ಏನೂ ಸಿಕ್ಕಿಲ್ಲ. ಅದನ್ನೇ ಹೇಳಿ ಹೋಗೋಣ ಅಂತ ಬಂದೆ" ಅಂದರು. ಎಲ್ಲೆಲ್ಲಿ ವಿಚಾರಿಸಿದರು, ಮೂಲೆಯ ಕ್ಯಾಮೆರಾದಲ್ಲಿ ಯಾಕೆ ಏನೂ ಕಾಣಲಿಲ್ಲ, ಹಳೇ ಬಂಗಾರ ಕೊಳ್ಳುವವರ ಹತ್ತಿರ ಏನು ಕೇಳಿದರು, ಎಲ್ಲ ನಿಧಾನವಾಗಿ ಹೇಳಿದರು. ಹಿಂದಿನ ಬಾಗಿಲ ಚಿಲಕ ಎಳೆದು ನೋಡಿದರು, ಇದನ್ನು ಬದಲಾಯಿಸಿ ಅಂದರು. ಕೈಯಲ್ಲಿ ಏನೂ ಇಲ್ಲದೆ, ಆಗಲಿಲ್ಲ ಅಂತ ಹೇಳೋಕೆ ಮನೆವರೆಗೆ ಬಂದ ಪೊಲೀಸರನ್ನು ನಾನು ಅವತ್ತೇ ಮೊದಲು ನೋಡಿದ್ದು. ಅವರು ಗೇಟು ದಾಟುವ ಮೊದಲೇ ಕರೆದೆ. ಆ ಮಧ್ಯಾಹ್ನದ ಕಥೆ ಎಲ್ಲ ಹೇಳಿದೆ. ಅವತ್ತೇ ಯಾಕೆ ಹೇಳಲಿಲ್ಲ ಅಂತ ಅವರು ಕೇಳಲಿಲ್ಲ. ಜೇಬಿನಿಂದ ಪುಸ್ತಕ ತೆಗೆದು, "ಬೈಕಿನ ಬಣ್ಣ ನೆನಪಿದೆಯಾ?" ಅಂದರು.

ಅಜ್ಜಿಯ ಬಂಗಾರ ಸಿಗಲಿಲ್ಲ. ನಾನು ತಡ ಮಾಡಿದ್ದೆ. ಆದರೆ ಅದಾದ ಮೇಲೆ ನಮ್ಮ ಬೀದಿಯವರು ಆ ಪೇದೆಗೆ ಫೋನ್ ಮಾಡೋದು ಶುರುವಾಯಿತು. ಕೆಟ್ಟುಹೋದ ಬೀದಿ ದೀಪ, ಖಾಲಿ ಸೈಟಿನಲ್ಲಿ ರಾತ್ರಿ ಸೇರುವ ಗುಂಪು, ಗಂಡ ಹೊಡೀತಾನೆ ಅಂತ ಯಾರಿಗೂ ಹೇಳಿಕೊಳ್ಳದ ಒಬ್ಬ ಹೆಂಗಸಿನ ವಿಷಯ ಕೂಡ ಅವರ ಕಿವಿಗೆ ಬಿತ್ತು. ಪ್ರತಿ ಸಲವೂ ಏನಾಯಿತು ಅಂತ ಅವರು ಮರಳಿ ಹೇಳುತ್ತಿದ್ದರು. ಆಗದಿದ್ದರೆ ಆಗಲಿಲ್ಲ ಅಂತಲೇ ಹೇಳುತ್ತಿದ್ದರು.

ಹೋದ ತಿಂಗಳು ಅವರಿಗೆ ವರ್ಗಾವಣೆ ಆಯಿತು. ಹೋಗುವ ಮುಂಚೆ ಹೊಸದಾಗಿ ಬಂದವರನ್ನು ಜೊತೆಗೆ ಕರೆದುಕೊಂಡು ಬಂದು, ಒಂದೊಂದೇ ಮನೆ ಬಾಗಿಲಲ್ಲಿ ನಿಂತು ಪರಿಚಯ ಮಾಡಿಸಿದರು. ಇನ್ನೂ ತುಂಬಾ ಚಿಕ್ಕ ವಯಸ್ಸಿನ ಹುಡುಗ. ಅಜ್ಜಿ ಅವರನ್ನು ಒಳಗೆ ಕರೆದು ಕೂರಿಸಿಕೊಂಡು ಮೊದಲು ಕೇಳಿದ್ದೇ, "ನೀನು ಎಷ್ಟು ದಿನ ಇರ್ತೀಯಪ್ಪ ಇಲ್ಲಿ?" ಅಂತ.