ರೈಲು ಬಿಟ್ಟುಹೋದ ದಾರಿಯಲ್ಲಿ ಅಪ್ಪಾಜಿ ಸೈಕಲ್

ಅಪ್ಪಾಜಿ ಸೈಕಲ್ ತುಳಿಯುವುದು ಬಿಟ್ಟು ಹನ್ನೊಂದು ವರ್ಷವಾಗಿತ್ತು. ದಾವಣಗೆರೆಯಲ್ಲಿ ಮೂವತ್ತು ವರ್ಷ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗಿಬಂದವರು ಅವರು. ಒಂದು ಸಂಜೆ ಪಿ.ಬಿ. ರಸ್ತೆಯಲ್ಲಿ ಲಾರಿಯೊಂದು ಹ್ಯಾಂಡಲ್ಲಿಗೆ ಸವರಿಕೊಂಡೇ ಹೋಯಿತು. ಪೆಟ್ಟೇನೂ ಆಗಲಿಲ್ಲ. ಆದರೆ ಅವ್ವ ಅವತ್ತೇ ಸೈಕಲ್ಲಿಗೆ ಬೀಗ ಹಾಕಿ, ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಹೋದ ಸೆಪ್ಟೆಂಬರಿನಲ್ಲಿ ಇಬ್ಬರೂ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ನಮ್ಮ ಮನೆಗೆ ಬಂದಿದ್ದರು. ಒಂದು ರಾತ್ರಿ ಊಟ ಮಾಡುವಾಗ ಕೇಳಿದೆ, "ಅಪ್ಪಾಜಿ, ಕಾರು, ಬಸ್ಸು ಏನೂ ಬರದ ದಾರಿ ಇದೆ. ಇಲ್ಲಿಂದ ಬಾತ್ ಊರಿನ ತನಕ ಸೈಕಲ್ಲಿನಲ್ಲೇ ಹೋಗಬಹುದು. ಬರ್ತೀರಾ?" ಅವರು ಅವ್ವನ ಮುಖ ನೋಡಿದರು. ಅವ್ವ ನನ್ನ ಮುಖ ನೋಡಿದಳು. "ಒಂದೂ ಬರಲ್ವಾ?" ಅಂದಳು. ಒಂದೂ ಇಲ್ಲ ಅಂದೆ.

ಇಲ್ಲಿನ ಹಳ್ಳಿ ರಸ್ತೆಗಳು ಫೋಟೊದಲ್ಲಿ ಬಹಳ ಚೆಂದ. ಸೈಕಲ್ಲಿನಲ್ಲಿ ಹೋದರೆ ಎದೆ ಡವಡವ ಅನ್ನುತ್ತದೆ. ಎರಡೂ ಬದಿ ಆಳೆತ್ತರದ ಬೇಲಿ, ತಿರುವಿನಾಚೆ ಏನಿದೆ ಅಂತ ಕಾಣುವುದಿಲ್ಲ. ಬೇರೆ ಬೋರ್ಡ್ ಇಲ್ಲದ ಕಡೆ ಕಾರುಗಳು ಗಂಟೆಗೆ 60 ಮೈಲಿವರೆಗೂ ಓಡಬಹುದು. ಹಾಗಾಗಿ ಅಪ್ಪಾಜಿಯನ್ನು ರಸ್ತೆಗೆ ಇಳಿಸುವ ಮಾತೇ ಇರಲಿಲ್ಲ. ನಾನು ಹೇಳಿದ್ದು ಹಳೆಯ ರೈಲು ದಾರಿ.

1963ರಲ್ಲಿ ಬ್ರಿಟಿಷ್ ರೈಲ್ವೆಯ ಮುಖ್ಯಸ್ಥ ಬೀಚಿಂಗ್ ಅವರ ವರದಿ ಬಂತು. ನಷ್ಟದಲ್ಲಿರುವ ಸುಮಾರು 5,000 ಮೈಲಿ ರೈಲು ಮಾರ್ಗ ಮುಚ್ಚಿ ಅಂತ ಅದರಲ್ಲಿತ್ತು. ಬ್ರಿಸ್ಟಲ್‌ನಿಂದ ಬಾತ್‌ಗೆ ಹೋಗುತ್ತಿದ್ದ ಎರಡು ಮಾರ್ಗಗಳಲ್ಲಿ ಒಂದರಲ್ಲಿ 1966ಕ್ಕೆ ಪ್ರಯಾಣಿಕರ ರೈಲು ನಿಂತಿತು. ಆಮೇಲೆ ಕಂಬಿಯನ್ನೂ ಕಿತ್ತರು. ಉಳಿದದ್ದು ಜಲ್ಲಿ, ಮುಳ್ಳುಗಿಡ. 1977ರಲ್ಲಿ ಬ್ರಿಸ್ಟಲ್‌ನಲ್ಲಿ ಸೈಕಲ್ ಪ್ರೀತಿಸುವ ಕೆಲವರು ಸೇರಿ ಸೈಕಲ್‌ಬ್ಯಾಗ್ ಅಂತ ಗುಂಪು ಕಟ್ಟಿದರು. ಜಾನ್ ಗ್ರಿಮ್ಶಾ ಅನ್ನುವ ಎಂಜಿನಿಯರ್ ಜೊತೆ ನಿಂತರು. 1979ರಲ್ಲಿ ಬಾತ್ ಕಡೆಯ ತುಂಡಿನಿಂದ ಶುರುಮಾಡಿದರು. ಸಲಿಕೆ ಹಿಡಿದದ್ದು ಹೆಚ್ಚಾಗಿ ಸ್ವಯಂಸೇವಕರೇ. 1986ರ ಹೊತ್ತಿಗೆ 13 ಮೈಲಿ, ಅಂದರೆ 21 ಕಿ.ಮೀ. ದಾರಿ ಪೂರ್ತಿಯಾಯಿತು. ಆ ಗುಂಪೇ ಮುಂದೆ ಸಸ್ಟ್ರಾನ್ಸ್ ಸಂಸ್ಥೆಯಾಗಿ, ದೇಶದ ತುಂಬ ಸೈಕಲ್ ದಾರಿಗಳ ಜಾಲ ಕಟ್ಟಿತು. ನನಗೆ ಈ ದಾರಿಯಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ. ನಮ್ಮ ನಿಮ್ಮಂಥವರು ರಜೆಯ ದಿನ ಬಂದು ಜಲ್ಲಿ ಹರಡಿ ಮಾಡಿದ ದಾರಿ ಇದು.

ಅಪ್ಪಾಜಿಗೆ ನಡುವೆ ಬಾರ್ ಇಲ್ಲದ ಸೈಕಲ್ ಬಾಡಿಗೆಗೆ ತಂದೆ. ಅವರಿಗೆ ಅದು ಅಷ್ಟು ಹಿಡಿಸಲಿಲ್ಲ. "ಇದು ಲೇಡೀಸ್ ಸೈಕಲ್ ಅಲ್ವಾ?" ಅಂದರು. ಮೊದಲ ನೂರು ಮೀಟರ್ ಹ್ಯಾಂಡಲ್ ಆ ಕಡೆ ಈ ಕಡೆ ಹೊಯ್ದಾಡಿತು. ಹಿಂದೆ ಬರುತ್ತಿದ್ದ ನಾನು ಉಸಿರು ಬಿಗಿಹಿಡಿದಿದ್ದೆ. ಆಮೇಲೆ ಬೆನ್ನು ನೆಟ್ಟಗಾಯಿತು. ಮೊಣಕಾಲು ಸ್ವಲ್ಪ ಹೊರಕ್ಕೆ ಚಾಚಿಕೊಂಡು ತುಳಿಯುವ ಅವರ ಹಳೇ ಭಂಗಿ ವಾಪಸ್ ಬಂತು. ಚಿಕ್ಕವಳಿದ್ದಾಗ ಕ್ಯಾರಿಯರ್ ಮೇಲೆ ಕೂತು ನಾನು ದಿನಾ ನೋಡುತ್ತಿದ್ದ ಬೆನ್ನು ಅದು.

ಉಗಿಬಂಡಿಗೆ ಕಡಿದಾದ ಏರು ಹತ್ತಲು ಆಗುತ್ತಿರಲಿಲ್ಲ. ಅದಕ್ಕೇ ಗುಡ್ಡ ಕೊರೆದು, ತಗ್ಗಿಗೆ ಮಣ್ಣು ತುಂಬಿ ದಾರಿ ಮಾಡಿದ್ದರು. ಅದರ ಲಾಭ ಈಗ ವಯಸ್ಸಾದವರ ಮೊಣಕಾಲಿಗೆ. ಏರು ಇದೆ, ಆದರೆ ಗೊತ್ತೇ ಆಗುವುದಿಲ್ಲ. ಸ್ಟೇಪಲ್ ಹಿಲ್ ಸುರಂಗ ದಾಟಿದ ಮೇಲೆ ಮ್ಯಾಂಗಟ್ಸ್‌ಫೀಲ್ಡ್ ಹಳೇ ಸ್ಟೇಷನ್ನಿನ ಗೋಡೆಗಳು ಸಿಗುತ್ತವೆ. ಚಾವಣಿ ಇಲ್ಲ, ಪ್ಲಾಟ್‌ಫಾರಂ ಇದೆ. ಅದರ ಮೇಲೆ ಕೂತು ಚಪಾತಿ, ಶೇಂಗಾ ಚಟ್ನಿಪುಡಿ ತಿಂದೆವು. ಬಿಟ್ಟನ್ ಹತ್ತಿರ ಒಂದಿಷ್ಟು ದೂರ ಕಂಬಿ ಮತ್ತೆ ಹಾಕಿದ್ದಾರೆ. ರಜೆಯ ದಿನಗಳಲ್ಲಿ ಉಗಿಬಂಡಿ ಓಡಿಸುತ್ತಾರೆ, ಸೈಕಲ್ ದಾರಿ ಅದರ ಪಕ್ಕದಲ್ಲೇ ಸಾಗುತ್ತದೆ. ಅಲ್ಲಿಂದಾಚೆ ಏವನ್ ನದಿ ಮತ್ತೆ ಮತ್ತೆ ಸೇತುವೆಯ ಕೆಳಗೆ ಬರುತ್ತದೆ. ಸಂಜೆಗೆ ಬಾತ್ ತಲುಪಿದೆವು. ಅವ್ವ ನನ್ನ ಗಂಡನ ಜೊತೆ ರೈಲಿನಲ್ಲಿ ಬಂದಿದ್ದಳು. ರೋಮನ್ನರ ಸ್ನಾನದ ಕೊಳ ನೋಡಿದ್ದೂ ಆಯಿತು. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ.

ಮಾರನೇ ದಿನದ್ದೇ ನಿಜವಾದ ಸಂಭ್ರಮ. ಬಾತ್‌ನಿಂದ ದಕ್ಷಿಣಕ್ಕೆ ಇನ್ನೊಂದು ಮುಚ್ಚಿದ ರೈಲು ಮಾರ್ಗ ಇದೆ, ಸಾಮರ್‌ಸೆಟ್ ಮತ್ತು ಡಾರ್ಸೆಟ್ ರೈಲ್ವೆಯದು. 2013ರ ಏಪ್ರಿಲ್‌ನಲ್ಲಿ ಅದರ ಎರಡು ಸುರಂಗಗಳನ್ನು ಸೈಕಲ್ಲಿಗೆ, ನಡೆಯುವವರಿಗೆ ತೆರೆದರು. ಮೊದಲನೆಯದು 400 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅದು ಮುಗಿದ ಮೇಲೆ ಕಣಿವೆಯಲ್ಲಿ ಒಂದು ತುಣುಕು ಹಸಿರು, ಬಿಸಿಲು. ಆಮೇಲೆ ಕೂಂಬ್ ಡೌನ್ ಸುರಂಗದ ಬಾಯಿ.

ಇದರ ಉದ್ದ 1,672 ಮೀಟರ್. ಒಳಗೆ ಕಾಲಿಟ್ಟ ಕೂಡಲೇ ತಣ್ಣಗೆ ಗಾಳಿ ಬಂದು ಕುತ್ತಿಗೆಗೆ ತಗುಲಿತು. ಕೆಳಮಟ್ಟದಲ್ಲಿ ಸಣ್ಣ ದೀಪಗಳ ಸಾಲು ಮಾತ್ರ. ಟೈರಿನ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ನಡುವೆ ಒಂದು ಕಡೆ ನಾವು ಹತ್ತಿರ ಬರುತ್ತಿದ್ದ ಹಾಗೆ ಸಂಗೀತ ಕೇಳಿಸಿತು. ಈ ಸುರಂಗಕ್ಕೆಂದೇ ಮಾಡಿದ ಸಂಗೀತ ಅದು. ಅಪ್ಪಾಜಿ ಸೈಕಲ್ ನಿಲ್ಲಿಸಿ, ಗೋಡೆಗೆ ಬೆರಳು ಒತ್ತಿ ನೋಡಿದರು. ಬೆರಳ ತುದಿ ಕಪ್ಪಾಯಿತು.

ಈ ಸುರಂಗಕ್ಕೆ ನಡುವೆ ಎಲ್ಲೂ ಹೊಗೆಗಂಡಿ ಇಲ್ಲ. 1929ರ ನವೆಂಬರಿನಲ್ಲಿ ಒಂದು ಗೂಡ್ಸ್ ರೈಲು ಏರು ಹತ್ತಲಾರದೆ ಇದರೊಳಗೆ ತೆವಳುತ್ತ ಬಂತು. ಹೊಗೆ ಕುಡಿದು ಚಾಲಕನೂ ಜೊತೆಗಾರನೂ ಪ್ರಜ್ಞೆ ತಪ್ಪಿದರು. ರೈಲು ಹಾಗೇ ಏರು ದಾಟಿ, ಇಳಿಜಾರಿನಲ್ಲಿ ಹಿಡಿತವಿಲ್ಲದೆ ಓಡಿ ಬಾತ್‌ನ ಗೂಡ್ಸ್ ಯಾರ್ಡಿಗೆ ನುಗ್ಗಿತು. ಚಾಲಕನೂ ಸೇರಿ ಮೂವರು ಸತ್ತರು. ಇದನ್ನು ಅಲ್ಲೇ ನಿಂತು ಹೇಳಿದೆ. ಅಪ್ಪಾಜಿ ಏನೂ ಅನ್ನಲಿಲ್ಲ. ಕಪ್ಪು ಬೆರಳನ್ನು ಒರೆಸಿಕೊಳ್ಳಲೂ ಇಲ್ಲ. ಹೊರಗೆ ಬಿಸಿಲಿಗೆ ಬರುವ ತನಕ ನಿಧಾನಕ್ಕೆ ತುಳಿದರು.

ಮಿಡ್‌ಫರ್ಡ್ ಆದ ಮೇಲೆ ಸ್ವಲ್ಪ ದೂರ ಹಳ್ಳಿ ರಸ್ತೆಯೇ ಗತಿ. ವಾಹನ ಕಡಿಮೆ, ಆದರೆ ಏರು ಇದೆ. ಅಲ್ಲಿ ಇಳಿದು ತಳ್ಳಿಕೊಂಡು ಹೋದೆವು. ಡಂಡಾಸ್ ಬಂದ ಕೂಡಲೇ ಕೆನೆಟ್-ಏವನ್ ಕಾಲುವೆ. ಇಲ್ಲಿ ನದಿಯ ಮೇಲೆ ಕಲ್ಲಿನ ಸೇತುವೆ ಕಟ್ಟಿ, ಅದರ ಮೇಲೆ ಕಾಲುವೆಯನ್ನೇ ಹರಿಸಿದ್ದಾರೆ. ಕೆಳಗೆ ನದಿ, ರೈಲು. ಮೇಲೆ ನೀರಿನಲ್ಲಿ ದೋಣಿ. ಎಂಜಿನಿಯರ್ ಜಾನ್ ರೆನ್ನಿ ಕಟ್ಟಿದ್ದು, 1805ರಲ್ಲಿ ಮುಗಿದದ್ದು. "ಭದ್ರಾ ನಾಲೆ ಏರಿ ಇದ್ದಂಗೇ ಐತಲ್ಲವ್ವ" ಅಂದರು ಅಪ್ಪಾಜಿ. ಹೌದು, ಏರಿಯೇ. ದೋಣಿ ಎಳೆಯುವ ಕುದುರೆಗಳಿಗಾಗಿ ಮಾಡಿದ ಏರಿ. ಈ ಕಾಲುವೆಯೂ ಹಾಳುಬಿದ್ದಿತ್ತು. ಅದನ್ನೂ ಜನ ಹಟ ಹಿಡಿದು ದುರಸ್ತಿ ಮಾಡಿಸಿದರು, 1990ರಲ್ಲಿ ಮತ್ತೆ ಪೂರ್ತಿ ತೆರೆಯಿತು.

ಏರಿಯ ಮೇಲೆ ನಡೆಯುವವರಿಗೇ ಮೊದಲ ಹಕ್ಕು. ದೂರದಿಂದಲೇ ಬೆಲ್ ಒತ್ತಿ, ನಿಧಾನ ಮಾಡಬೇಕು. ಅಪ್ಪಾಜಿಗೆ ಅದನ್ನು ಹೇಳಿಕೊಡಬೇಕಾಗಲಿಲ್ಲ. ಎದುರು ಬಂದವರೆಲ್ಲರಿಗೂ ಒಂದು ಬೆಲ್, ಒಂದು ನಮಸ್ಕಾರ. ದೋಣಿಯ ಮೇಲೆ ತುಳಸಿ ಕಟ್ಟೆಯಷ್ಟು ಎತ್ತರದ ಹೂಕುಂಡ ಇಟ್ಟುಕೊಂಡಿದ್ದ ಹೆಂಗಸೊಬ್ಬರು ತಿರುಗಿ ಕೈ ಮುಗಿದರು.

ಏವನ್‌ಕ್ಲಿಫ್ ಹಳ್ಳಿ ಇನ್ನೂ ಒಂದು ಮೈಲಿ ಇರುವಾಗ ನನ್ನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಆಗತಾನೇ ಬೇಲಿ ಕತ್ತರಿಸಿದ್ದರು, ಮುಳ್ಳು ದಾರಿ ತುಂಬ ಬಿದ್ದಿತ್ತು. ಚೀಲದಲ್ಲಿ ಪಂಪು, ಸಣ್ಣ ಡಬ್ಬಿ ಇತ್ತು, ಆದರೆ ನಾನು ಯಾವತ್ತೂ ಪಂಕ್ಚರ್ ಹಾಕಿದವಳಲ್ಲ. ಅಪ್ಪಾಜಿ ಅಂಗಿ ತೋಳು ಮಡಚಿದರು. ಸೈಕಲ್ ತಲೆಕೆಳಗು ಮಾಡಿ, ಲಿವರ್ ಹಾಕಿ ಟೈರಿನ ಒಂದು ಬದಿ ಬಿಡಿಸಿ, ಟ್ಯೂಬ್ ಎಳೆದರು. ಗಾಳಿ ತುಂಬಿ, ಕಾಲುವೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಟ್ಯೂಬನ್ನು ನೀರಲ್ಲಿ ಇಷ್ಟಿಷ್ಟೇ ಮುಳುಗಿಸುತ್ತ ಹೋದರು. ಸಣ್ಣ ಗುಳ್ಳೆಗಳ ಸಾಲು ಎದ್ದಿತು. "ಸಿಕ್ತು ನೋಡು." ಅಲ್ಲಿ ಬೆರಳಿಟ್ಟು ಒರೆಸಿ, ಉಪ್ಪಿನಕಾಗದ ಉಜ್ಜಿ, ಸಲ್ಯೂಷನ್ ಸವರಿ, ಬಾಯಿಂದ ಊದಿ ಒಣಗಿಸಿದರು. ಪ್ಯಾಚ್ ಒತ್ತಿದ ಮೇಲೆ ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಹುಡುಕಿ ತೆಗೆದರು. "ಇದನ್ನ ಬಿಟ್ರೆ ಮತ್ತೆ ಪಂಕ್ಚರ್." ನೋಡುತ್ತ ನಿಂತಿದ್ದ ಒಬ್ಬ ಹುಡುಗ ಆ ಮುಳ್ಳನ್ನು ಕೇಳಿ ಇಸಕೊಂಡು ಹೋದ.

ಬ್ರಾಡ್‌ಫರ್ಡ್-ಆನ್-ಏವನ್ ಸ್ಟೇಷನ್ನಿನಲ್ಲಿ ಬ್ರಿಸ್ಟಲ್ ರೈಲಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಆವತ್ತು ತುಳಿದದ್ದು 20 ಕಿ.ಮೀ. ಆಸುಪಾಸು. ಕಾಲು ನೋವಾ ಅಂತ ಕೇಳಿದೆ. ಅವರು ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಗಾಳಿ ನಿಂತಿತ್ತು.

"ಈ ನಾಲೆ ಮುಂದೆ ಎಲ್ಲಿಗೆ ಹೋಗುತ್ತೆ?" ಅಂದರು.

ಡಿವೈಜಸ್ ಹತ್ತಿರ ಗುಡ್ಡಕ್ಕೇ ಹತ್ತುತ್ತದೆ, ನೀರಿನ ಮಟ್ಟ ಏರಿಸಿ ಇಳಿಸುವ 29 ಲಾಕ್‌ಗಳಿವೆ, ದೋಣಿಗಳು ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಗೇಟು ದಾಟಿ ಮೇಲೆ ಹೋಗುತ್ತವೆ ಅಂದೆ.

"ಸೈಕಲ್ ಯಾವತ್ತು ವಾಪಸ್ ಕೊಡಬೇಕು?"

"ನಾಳೆ ಸಂಜೆ."

ಅಪ್ಪಾಜಿ ಜೇಬಿನಿಂದ ಫೋನ್ ತೆಗೆದು ಅವ್ವನಿಗೆ ಹಚ್ಚಿದರು. "ನಾಳೆ ರಾತ್ರಿಗೆ ಬರ್ತೀವಿ," ಅಂದರು, ಅವಳು ಏನು ಅನ್ನುತ್ತಾಳೆ ಅಂತ ಕಾಯದೆ.