ಮೊಮ್ಮಕ್ಕಳ ಕೌದಿ: ಹದಿಮೂರು ವಾರದ ಲೆಕ್ಕ

ಮೊದಲ ವಾರ

ಏಪ್ರಿಲ್ ಕೊನೆ. ಧಾರವಾಡದಲ್ಲಿ ಫ್ಯಾನ್ ಕೆಳಗೂ ಬೆವರು. ಇಂಥ ಬಿಸಿಲಲ್ಲಿ ಯಾರು ಹೊದಿಕೆ ಹೊಲಿಯುತ್ತಾರೆ ಅಂತ ಮಗ ನಕ್ಕ. ಅವನಿಗೇನು ಗೊತ್ತು? ಕೌದಿ ಹೊಲಿಯುವುದೇ ಬೇಸಿಗೆಯಲ್ಲಿ. ಹೊಲದ ಕೆಲಸ ಮುಗಿದು ಹೆಂಗಸರ ಕೈ ಖಾಲಿಯಾಗುವುದು ಆಗಲೇ.

ಟ್ರಂಕಿನಲ್ಲಿ ಅವ್ವನ ಇಳಕಲ್ ಸೀರೆ ಇತ್ತು. ಒಂಬತ್ತು ಗಜ, ಅಂದರೆ 27 ಅಡಿ. ರೇಷ್ಮೆಯ ಕೆಂಪು ಸೆರಗು ಮೂರಡಿ ಕತ್ತರಿಸಿ ಎತ್ತಿಟ್ಟೆ. ಕೌದಿಗೆ ಹತ್ತಿಯೇ ಆಗಬೇಕು. ಉಳಿದ 24 ಅಡಿಯಲ್ಲಿ ಆರಡಿಯ ನಾಲ್ಕು ತುಂಡು. ಈ ಭಾಗಾಕಾರ ದೊಡ್ಡ ಮೊಮ್ಮಗನದು. ಅವನಿಗೆ ಎಂಟು ವರ್ಷ, ಸಣ್ಣವನಿಗೆ ಐದು. ಕತ್ತರಿ ಹಾಕುವಾಗ ನನ್ನ ಕೈ ಒಂದು ಗಳಿಗೆ ನಿಂತಿತು. ಸಣ್ಣವ, "ಆಯಿ, ಹೆದರಿಕಿ ಬಂತೇನು?" ಅಂದ. ಹೌದು ಅಂದೆ.

ಎರಡನೇ ವಾರ

ಹೊಲಿಗೆಗಿಂತ ಮೊದಲು ಜಗಳ. ಒಂದೇ ಕೌದಿ ಅಂದರೆ ಅದು ಯಾರದು? ಸೊಸೆ, "ಎರಡು ಸಣ್ಣವು ಮಾಡ್ರಿ ಅತ್ತಿ, ಜಗಳ ಇರಂಗಿಲ್ಲ" ಅಂದಳು. ಮಾತು ಸರಿಯೇ. ಆದರೂ ನಾನು ಒಪ್ಪಲಿಲ್ಲ.

ನವಲಗುಂದದ ಕಡೆಯ ನಮ್ಮೂರಲ್ಲಿ ನಾವು ಐದು ಮಕ್ಕಳು ಒಂದೇ ಕೌದಿಯಲ್ಲಿ ಮಲಗುತ್ತಿದ್ದೆವು. ಅಂಚಿನಲ್ಲಿ ಮಲಗಿದವರಿಗೆ ಚಳಿ, ನಡುವಿನವರಿಗೆ ಒದೆ. ನಾನು ನಾಲ್ಕನೆಯವಳು, ಅಂಚಿನವಳು. ರಾತ್ರಿಯೆಲ್ಲಾ ಜಗ್ಗಾಟ. ನನ್ನ ತಮ್ಮ ಕೌದಿಯ ಮೂಲೆಯನ್ನು ಕಾಲಿನ ಬೆರಳಿಗೆ ಸುತ್ತಿಕೊಂಡೇ ಮಲಗುತ್ತಿದ್ದ, ಯಾರೂ ಎಳೆಯಬಾರದು ಅಂತ. ಎಳೆದರೆ ಕೌದಿಯ ಜೊತೆ ಅವನೂ ಬರುತ್ತಿದ್ದ.

ಹಾಗಾಗಿ ಒಂದೇ ಕೌದಿ, ದೊಡ್ಡದು. ಎರಡು ತುಂಡು ಪಕ್ಕಪಕ್ಕ ಜೋಡಿಸಿದರೆ ಆರಡಿ ಉದ್ದ, ಏಳೂವರೆ ಅಡಿ ಅಗಲ. ಅಂಥ ಎರಡು ಪದರ. ನಡುವೆ ಮೊಮ್ಮಕ್ಕಳ ಅಜ್ಜನ ಹಳೆಯ ಧೋತರ. ಮೇಲೆ ಇಬ್ಬರಿಗೂ ಗಿಡ್ಡವಾದ ಅಂಗಿ ಚಡ್ಡಿಗಳ ತೇಪೆ.

ಮೂರರಿಂದ ಆರನೇ ವಾರ

ಹೊಲಿಗೆ ಶುರು. ಅಂಚಿನಿಂದ ಸುತ್ತುತ್ತಾ ಸುತ್ತುತ್ತಾ ಒಳಗೆ ಹೋಗಬೇಕು. ಒಂದು ಸಾಲಿಗೂ ಇನ್ನೊಂದಕ್ಕೂ ಒಂದು ಬೆರಳಿನ ಅಂತರ. ಮಗ ಫೋನಿನಲ್ಲಿ ಲೆಕ್ಕ ಹಾಕಿ, ಒಟ್ಟು ಇನ್ನೂರು ಮೀಟರ್ ದಾಟುತ್ತದೆ ಅಂದ. ಕೇಳದೇ ಇದ್ದಿದ್ದರೆ ಚೆನ್ನಾಗಿತ್ತು.

ಇಲ್ಲೊಂದು ತಪ್ಪು ಮಾಡಿದೆ. ಟೀ ಶರ್ಟಿನ ಬಟ್ಟೆ ಜಗ್ಗುತ್ತದೆ ಅಂತ ಗೊತ್ತಿದ್ದೂ ಸುಮ್ನೆ ಇಟ್ಟು ಹೊಲಿದೆ. ತೇಪೆ ಎಲ್ಲ ಸುಕ್ಕುಗಟ್ಟಿ ಉಬ್ಬಿಕೊಂಡಿತು. ಮೂರು ಸಾಲು ಬಿಚ್ಚಿದೆ. ಈಗ ಜಗ್ಗುವ ಬಟ್ಟೆಯ ಅಡಿಗೆ ಒಂದು ಚೂರು ಧೋತರ ಕೊಟ್ಟು, ನಾಲ್ಕೂ ಬದಿ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಸಾಲು ಓಡಿಸುತ್ತೇನೆ. ಕುಪ್ಪಸ ಹೊಲಿಯುವ ಗುಳೇದಗುಡ್ಡದ ಖಣದ ಚೂರುಗಳನ್ನು ಮಾತ್ರ ಮೊದಲೇ ಎರಡು ಸಲ ಒಗೆದಿದ್ದೆ. ಕೆಂಪು ಬಣ್ಣ ಬಿಡುತ್ತದೆಯೋ ಏನೋ ಎಂಬ ಅನುಮಾನ.

ಕಣ್ಣು ಸಾಲುತ್ತಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ದೊಡ್ಡವ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಡುತ್ತಾನೆ. ಕೂಲಿ ಒಂದು ಹಿಡಿ ಪುಟಾಣಿ, ಬೆಲ್ಲ. ನಾನೂ ನಮ್ಮ ಆಯಿಗೆ ಪೋಣಿಸಿಕೊಡುತ್ತಿದ್ದೆ. ನನಗೆ ಸಿಗುತ್ತಿದ್ದ ಕೂಲಿ ಮಾತ್ರ, "ಇಷ್ಟುದ್ದ ದಾರ ಯಾಕ ತಗದಿ? ಗಂಟು ಬೀಳ್ತದ" ಎಂಬ ಬೈಗುಳ.

ಎಂಟನೇ ವಾರ

ಮೂಲೆಗಳ ಕೆಲಸ. ಹಿಂದೆ ಹಳಿಯಾಳದ ಕಡೆ ಹೋದಾಗ ಸಿದ್ದಿ ಹೆಂಗಸರ ಕೌದಿ ನೋಡಿದ್ದೆ. ನಾಲ್ಕೂ ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಚಿ, ಒಂದರ ಮೇಲೊಂದು ಪೇರಿಸಿ ಹೂವಿನಂತೆ ಹೊಲಿದಿರುತ್ತಾರೆ. ಆ ಹೂವಿಲ್ಲದಿದ್ದರೆ ಕೌದಿ ಬತ್ತಲೆ ಇದ್ದಂತೆ ಅಂತ ಅವರ ಮಾತು. ನನಗೆ ಅವರ ಕೈಚಳಕ ಬರಲಿಲ್ಲ. ನನ್ನವು ಹೂವಿನಂತೆ ಇಲ್ಲ, ಆಡಿನ ಕಿವಿಯಂತೆ ನೇತಾಡುತ್ತವೆ. ಸಣ್ಣವನಿಗೆ ಅದೇ ಇಷ್ಟ. ಹಾಗೇ ಬಿಟ್ಟೆ.

ಒಂಬತ್ತನೇ ವಾರ

ಮಣ್ಣೆತ್ತಿನ ಅಮಾವಾಸ್ಯೆ. ಮಾರ್ಕೆಟ್ಟಿನಲ್ಲಿ ಬಣ್ಣ ಹಚ್ಚಿದ ಎತ್ತಿನ ಜೋಡಿ ಸಿಗುತ್ತದೆ. ಆದರೆ ನಾವು ಚಿಕ್ಕವರಿದ್ದಾಗ ಎರೆಮಣ್ಣಿನಲ್ಲಿ ನಾವೇ ಮಾಡುತ್ತಿದ್ದೆವು ಅಂತ ಬಾಯಿ ಬಿಟ್ಟೆ. ತಗೋ, ಇಬ್ಬರೂ ಮಣ್ಣು ತಂದೇಬಿಟ್ಟರು. ದೊಡ್ಡವನ ಎತ್ತಿಗೆ ಹಿಣಿಲು ಬಂತು, ಸಣ್ಣವನದು ಥೇಟ್ ಆಮೆ. ಅದೇ ಕೈಯಲ್ಲಿ ಬಂದು ಕೌದಿಯ ಮೇಲೆ ಉರುಳಾಡಿದರು. ಎರೆಮಣ್ಣಿನ ಎರಡು ಅಂಗೈ ಗುರುತು ನೀಲಿ ತೇಪೆಯ ಮೇಲೆ ಉಳಿದಿದೆ. ಒಗೆಯಲು ಮನಸ್ಸಾಗಲಿಲ್ಲ.

ಒಗೆಯುವುದು ಅಂದರೆ ನಮಗೆ ಹಬ್ಬ. ಮಹಾನವಮಿಗೆ ಮೊದಲು ಮನೆಯ ಕೌದಿಗಳೆಲ್ಲ ಚಕ್ಕಡಿ ಏರಿ ಬೆಣ್ಣಿಹಳ್ಳಕ್ಕೆ ಹೋಗುತ್ತಿದ್ದವು. ಜೊತೆಗೆ ಬುತ್ತಿ: ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಸವಳು ಮಣ್ಣು ಹಚ್ಚಿ ನೆನೆಸಿದ ಕೌದಿ ಎಮ್ಮೆಯಷ್ಟು ಭಾರ. ಹೆಂಗಸರು ಎತ್ತಲಾರದೆ ಮಕ್ಕಳನ್ನು ತುಳಿಯಲು ಬಿಡುತ್ತಿದ್ದರು. ತುಳಿದೆವೋ ಕುಣಿದೆವೋ! ಜಾಲಿ ಗಿಡಗಳ ಮೇಲೆ ಒಣಹಾಕಿದಾಗ ಇಡೀ ದಂಡೆ ಜಾತ್ರೆಯಂತೆ ಕಾಣುತ್ತಿತ್ತು. ಆಗ ಹೊಸ ಕೌದಿಗಳನ್ನು ಊರೂರು ತಿರುಗುವ ಗೋಂದಳಿ ಹೆಂಗಸರು ಹೊಲಿದುಕೊಡುತ್ತಿದ್ದರು. ಅವ್ವ ಅವರ ಪಕ್ಕದಲ್ಲಿ ಕೂತು ಕೂತೇ ಕಲಿತಳು. ನಾನು ಅವ್ವನ ಪಕ್ಕದಲ್ಲಿ.

ಹದಿಮೂರನೇ ವಾರ

ಪಂಚಮಿ ಹಬ್ಬದ ಹಿಂದಿನ ದಿನ. ನಡುವೆ ಅಂಗೈಯಗಲ ಮಾತ್ರ ಉಳಿದಿದೆ. ಅವ್ವ ಅಲ್ಲಿ ಒಂದು ಚೂರು ರೊಟ್ಟಿ ಇಟ್ಟು ಹೊಲಿದು ಮುಚ್ಚುತ್ತಿದ್ದಳು. ಕೌದಿಯ ಹೊಟ್ಟೆ ಖಾಲಿ ಇರಬಾರದು ಅಂತ. ಸಣ್ಣವ ಶೇಂಗಾ ಉಂಡೆ ಇಡೋಣ ಅಂತ ಹಟ ಹಿಡಿದ. ಇರುವೆ ಬರುತ್ತವೆ ಅಂದರೂ ಕೇಳಲಿಲ್ಲ. ಕೊನೆಗೆ ಒಣ ಕಟಕ ರೊಟ್ಟಿಯ ಚೂರು ಇಟ್ಟು, ಉಂಡೆಯನ್ನು ಅವನ ಹೊಟ್ಟೆಗೆ ಹಾಕಿದ್ದಾಯಿತು. ದೊಡ್ಡವ ಕೊನೆಯ ಆರು ಹೊಲಿಗೆ ತಾನೇ ಹಾಕಿದ. ಸೊಟ್ಟಗಿವೆ. ಬಿಚ್ಚಿಲ್ಲ.

ಒಟ್ಟು 43 ತೇಪೆ, ಎರಡು ಮುರಿದ ಸೂಜಿ.

ರಾತ್ರಿ ಹನ್ನೊಂದಕ್ಕೆ ಅವರ ಕೋಣೆಯಿಂದ ಸದ್ದು. "ನಿಂದು ಆ ಕಡೆ ಐತಿ!" "ಇಲ್ಲ, ಆಡಿನ ಕಿವಿ ನಂದು!" ಸೊಸೆ ಎದ್ದು ಹೋಗಿ ಗದರಿದಳು. ಹೊರಗೆ ಜಿಟಿಜಿಟಿ ಮಳೆ. ನಾನು ದೀಪ ಹಾಕದೆ ಕೇಳುತ್ತಾ ಬಿದ್ದುಕೊಂಡಿದ್ದೆ.