ಗಾಳಿಮರವನ್ನು ಪೈನ್ ಕಪಾಟಿಗೆ ಸೇರಿಸಿದ್ದು

ಒಣಗಿಸಿದ ಸಸ್ಯಮಾದರಿಗಳನ್ನು ಹಾಳೆಗೆ ಅಂಟಿಸಿ, ಹೆಸರಿನ ಚೀಟಿ ಬರೆದು, ಕುಟುಂಬವಾರು ಕಪಾಟಿನಲ್ಲಿ ಜೋಡಿಸುವುದು ನನ್ನ ಕೆಲಸ. ಕೆಲಸಕ್ಕೆ ಸೇರಿದ ಮೊದಲ ವರ್ಷ ಹೆಸರಿಲ್ಲದ ರೆಂಬೆಯೊಂದು ಬಂದಿತ್ತು. ಅದರ ಸೂಜಿಯಂಥ ಎಲೆಗಳನ್ನೂ ಪುಟ್ಟ ಶಂಕುಗಳನ್ನೂ ಕಂಡದ್ದೇ ತಡ, ಭೂತಗನ್ನಡಿಯನ್ನು ಮುಟ್ಟದೆಯೇ ಅದನ್ನು ಪೈನ್ ಜಾತಿಗಳ ಸಾಲಿಗೆ ಸೇರಿಸಿಬಿಟ್ಟೆ. ಕೆಲವು ವಾರಗಳ ನಂತರ ಹಿರಿಯ ಸಹೋದ್ಯೋಗಿಯೊಬ್ಬರು ಆ ಹಾಳೆಯನ್ನು ನನ್ನ ಮೇಜಿಗೆ ತಂದು, ಮೂಲೆಯ ಲಕೋಟೆಯಲ್ಲಿದ್ದ ಉದುರು ತುಣುಕೊಂದನ್ನು ಕೈಗಿತ್ತು, "ಎರಡೂ ತುದಿ ಹಿಡಿದು ಎಳೆಯಿರಿ" ಎಂದರು.

ತುಣುಕು ಗಿಣ್ಣಿನಲ್ಲಿ ಸಲೀಸಾಗಿ ಕಳಚಿಕೊಂಡಿತು. ಕಳಚಿದ ಜಾಗದಲ್ಲಿ ಭೂತಗನ್ನಡಿಯಡಿ ಏಳು ಸಣ್ಣ ಹಲ್ಲುಗಳ ಬಳೆಯೊಂದು ಕಾಣಿಸಿತು. ಎಲೆಗಳೆಂದರೆ ಆ ಹಲ್ಲುಗಳೇ, ನಾನು ಎಲೆಯೆಂದುಕೊಂಡದ್ದು ಹಸಿರು ಕಡ್ಡಿ. ಅದು ಗಾಳಿಮರ, ಅಂದರೆ ಕ್ಯಾಸುವರೀನಾ ಈಕ್ವಿಸೆಟಿಫೋಲಿಯಾ. ಪೈನ್‌ನಂತೆ ಕಂಡರೂ ಅದು ಹೂಬಿಡುವ ಮರ, ಓಕ್ ಮತ್ತು ಆಕ್ರೋಟುಗಳ ಗಣಕ್ಕೆ ಸೇರಿದ್ದು. ಪಕ್ಕದಲ್ಲಿಟ್ಟ ಚಿರ್ ಪೈನ್ ರೆಂಬೆಯಲ್ಲಿ ಗೇಣುದ್ದಕ್ಕೂ ಮೀರಿದ ಸೂಜಿಯೆಲೆಗಳು ಮೂರು ಮೂರರ ಗೊಂಚಲಾಗಿ, ಬುಡದಲ್ಲಿ ಕಾಗದದಂಥ ತೆಳು ಒರೆಯೊಳಗಿದ್ದವು. ಅವುಗಳಲ್ಲಿ ಗಿಣ್ಣು ಎಂಬುದೇ ಇಲ್ಲ.

ನನ್ನನ್ನು ಹೆಚ್ಚು ಮೋಸಗೊಳಿಸಿದ್ದು ಶಂಕು. ಪೈನ್ ಶಂಕುವಿನ ಒಂದು ಚಕ್ಕೆಯನ್ನು ಬಿಡಿಸಿದರೆ ಅದರ ಮೇಲ್ಮೈಯಲ್ಲಿ ಎರಡು ಬೀಜಗಳು ಯಾವ ಹಣ್ಣಿನ ಗೋಡೆಯೂ ಇಲ್ಲದೆ ಬರಿದೇ ಕುಳಿತಿರುತ್ತವೆ. ಗಾಳಿಮರದ "ಶಂಕು" ಅನೇಕ ಹೂಗಳಿಂದಾದ ಕಾಯಿಗೊಂಚಲು. ಅಲ್ಲಿ ಹಕ್ಕಿಯ ಕೊಕ್ಕಿನಂತೆ ಬಾಯ್ದೆರೆಯುವ ಪ್ರತಿ ಜೋಡಿ ಕವಾಟದ ನಡುವೆ ರೆಕ್ಕೆಯುಳ್ಳ ಒಂದೇ ಕಾಯಿ, ಅದರೊಳಗೆ ಮುಚ್ಚಿಟ್ಟ ಒಂದು ಬೀಜ. ಹೂವೆಂದರೆ ಎಸಳು ಎಂಬ ನಮ್ಮ ರೂಢಿಯ ಕಲ್ಪನೆ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಗಾಳಿಯಿಂದಲೇ ಪರಾಗಸ್ಪರ್ಶ ನಡೆಯುವ ಈ ಮರದ ಗಂಡು ಹೂವಿನಲ್ಲಿರುವುದು ಒಂದೇ ಕೇಸರ, ಹೆಣ್ಣು ಹೂವಿನಲ್ಲಿ ಹೊರಗೆ ಕಾಣುವುದು ಪರಾಗ ಹಿಡಿಯುವ ಕೆಂಪು ಎಳೆಗಳು, ಅಂದರೆ ಶಲಾಕೆಗಳಷ್ಟೇ. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುವ ಫ್ರಾಂಕಿಯಾ ಬ್ಯಾಕ್ಟೀರಿಯಾಗಳೂ ಗಾಳಿಮರವನ್ನು ಪೈನ್‌ನಿಂದ ಬೇರ್ಪಡಿಸುತ್ತವೆ, ಆದರೆ ಹಾಳೆಯ ಮೇಲೆ ಬೇರು ಬರುವುದು ಅಪರೂಪ.

ಈಗ ಸೂಜಿಯೆಲೆಯ ಯಾವ ಮಾದರಿ ಬಂದರೂ ಲಕೋಟೆಯ ತುಣುಕೊಂದನ್ನು ಬಿಸಿನೀರಿನಲ್ಲಿ ನೆನೆಸಿ, ಗಿಣ್ಣು ಹುಡುಕಿ, ಹಲ್ಲುಗಳನ್ನು ಎಣಿಸಿಯೇ ಚೀಟಿ ಬರೆಯುತ್ತೇನೆ. ಹಳೆಯ ಚೀಟಿಯನ್ನು ಕೀಳದೆ ತಿದ್ದುಪಡಿಯನ್ನು ಪಕ್ಕದಲ್ಲಿ ಅಂಟಿಸುವುದು ನಮ್ಮ ವೃತ್ತಿಯ ಪದ್ಧತಿಯಾದ್ದರಿಂದ, ಆ ಹಾಳೆಯಲ್ಲಿ ನನ್ನ ಕೈಬರಹದ "ಪೈನ್" ಇಂದಿಗೂ ಹಾಗೆಯೇ ಇದೆ.